ಐದೇ ಪಂದ್ಯ ಆಡಿದ ಟೀಮಿಗೆ ಫೈನಲ್ ಕೊಟ್ಟಿದ್ದು ಸರಿಯೇ?

ನೀವು ಕೇಳಿರುವುದು ಇದು: 2020ರ ಕೊರೊನಾ ಸೀಸನ್‌ನಲ್ಲಿ ಅಮೆರಿಕದ ಬಿಗ್ ಟೆನ್ ಕಾಲೇಜು ಫುಟ್ಬಾಲ್‌ನವರು "ಕನಿಷ್ಠ ಆರು ಪಂದ್ಯ ಆಡದ ಟೀಮಿಗೆ ಫೈನಲ್ ಇಲ್ಲ" ಅಂತ ರೂಲ್ ಮಾಡಿದರು. ಕೊನೇ ಗಳಿಗೆಯಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿ ಟೀಮಿಗೋಸ್ಕರ ಅದನ್ನೇ ತೆಗೆದು ಹಾಕಿದರು. ಇದು ಅನ್ಯಾಯ ಅಲ್ವಾ?

ನನ್ನ ಉತ್ತರ: ತೆಗೆದು ಹಾಕಿದ್ದು ಸರಿ. ಅನ್ಯಾಯ ನಡೆದಿದ್ದು ಡಿಸೆಂಬರ್‌ನಲ್ಲಿ ಅಲ್ಲ, ಸೆಪ್ಟೆಂಬರ್‌ನಲ್ಲಿ, ಆ ರೂಲ್ ಬರೆದಾಗ. ಮೊದಲೇ ಹೇಳಿಬಿಡುತ್ತೇನೆ, ನಾನು ಆ ವರ್ಷ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿದ್ದೆ. ರೂಲ್ ಹಾಗೇ ಉಳಿದಿದ್ದರೆ ಫೈನಲ್‌ಗೆ ಹೋಗುತ್ತಿದ್ದದ್ದು ನಮ್ಮೂರಿನ ಇಂಡಿಯಾನಾ ಯೂನಿವರ್ಸಿಟಿ ಟೀಮೇ. ಆದರೂ ಹೀಗೆ ಹೇಳುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಇದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್. ಕಾಲೇಜುಗಳು ಗುಂಪು ಗುಂಪಾಗಿ ಆಡುತ್ತವೆ, ಆ ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಬಿಗ್ ಟೆನ್ ಅಂಥದ್ದೊಂದು. ಹೆಸರಲ್ಲಿ ಹತ್ತು ಇದ್ದರೂ ಆಗ ಇದ್ದದ್ದು 14 ಟೀಮ್. ಪೂರ್ವ ವಿಭಾಗದಲ್ಲಿ ಏಳು, ಪಶ್ಚಿಮದಲ್ಲಿ ಏಳು. ಎರಡೂ ವಿಭಾಗದಲ್ಲಿ ಗೆದ್ದವರು ಇಂಡಿಯಾನಾಪೊಲಿಸ್‌ನಲ್ಲಿ ಫೈನಲ್ ಆಡುತ್ತಿದ್ದರು.

2020ರ ಆಗಸ್ಟ್ 11ರಂದು ಬಿಗ್ ಟೆನ್ ಸೀಸನ್ ಮುಂದೂಡಿತು. ಯೂನಿವರ್ಸಿಟಿ ಮುಖ್ಯಸ್ಥರ ವೋಟು 11ಕ್ಕೆ 3. ಮುಂದೂಡುವುದು ಬೇಡ ಅಂದವರು ಒಹಾಯೋ ಸ್ಟೇಟ್, ನೆಬ್ರಾಸ್ಕಾ, ಅಯೋವಾ. ಆಟಗಾರರು ಸಿಟ್ಟಾದರು, ತಂದೆತಾಯಂದಿರು ಬೀದಿಗಿಳಿದರು, ನೆಬ್ರಾಸ್ಕಾದ ಎಂಟು ಆಟಗಾರರು ಕೋರ್ಟಿಗೇ ಹೋದರು. ಸೆಪ್ಟೆಂಬರ್ 16ಕ್ಕೆ ಬಿಗ್ ಟೆನ್ ಮನಸ್ಸು ಬದಲಾಯಿಸಿತು. ದಿನಾ ಕೋವಿಡ್ ಟೆಸ್ಟ್ ಮಾಡುತ್ತೇವೆ, ಅಕ್ಟೋಬರ್ ಕೊನೆಗೆ ಶುರು ಮಾಡುತ್ತೇವೆ ಅಂದರು.

ಎಡವಿದ್ದು ಇಲ್ಲೇ. ತಡವಾಗಿ ಶುರು ಮಾಡಿದ್ದರಿಂದ ಎಂಟು ವಾರಕ್ಕೆ ಎಂಟು ಪಂದ್ಯ ತುರುಕಿದರು. ಒಂಬತ್ತನೇ ವಾರ, ಡಿಸೆಂಬರ್ 19ಕ್ಕೆ, ಫೈನಲ್. ನಡುವೆ ಒಂದೇ ಒಂದು ಖಾಲಿ ವಾರ ಇಲ್ಲ. ಒಂದು ಪಂದ್ಯ ತಪ್ಪಿದರೆ ತಪ್ಪಿತು, ಮತ್ತೆ ಆಡಿಸಲು ಜಾಗವೇ ಇಲ್ಲ. ಇಷ್ಟಾದ ಮೇಲೂ ಆರು ಪಂದ್ಯ ಕಡ್ಡಾಯ ಅಂದರು.

ದಕ್ಷಿಣದ ಎಸ್‌ಇಸಿ ಕಾನ್ಫರೆನ್ಸ್ ಏನು ಮಾಡಿತು ನೋಡಿ. ಸೆಪ್ಟೆಂಬರ್ 26ಕ್ಕೇ ಶುರು ಮಾಡಿ, ಹತ್ತು ಪಂದ್ಯ ಇಟ್ಟು, ಮಧ್ಯೆ ಒಂದು ವಾರ, ಫೈನಲ್‌ಗೆ ಮುಂಚೆ ಇನ್ನೊಂದು ವಾರ ಖಾಲಿ ಬಿಟ್ಟಿತು. ನವೆಂಬರ್ 14ರ ಶನಿವಾರ ಎರಡು ಕಡೆಯೂ ಒಂದೇ ತೊಂದರೆ ಬಂತು. ಎಸ್‌ಇಸಿಯಲ್ಲಿ ಅಲಬಾಮಾ–ಎಲ್‌ಎಸ್‌ಯು ಪಂದ್ಯ ಕೋವಿಡ್‌ನಿಂದ ನಿಂತಿತು, ಡಿಸೆಂಬರ್ 5ಕ್ಕೆ ಆಡಿಸಿದರು. ಬಿಗ್ ಟೆನ್‌ನಲ್ಲಿ ಒಹಾಯೋ ಸ್ಟೇಟ್–ಮೇರಿಲ್ಯಾಂಡ್ ಪಂದ್ಯ ನಿಂತಿತು, ರದ್ದಾಯಿತು, ಅಷ್ಟೇ. ಅದೇ ರೋಗ, ಅದೇ ದಿನ. ವ್ಯತ್ಯಾಸ ಇದ್ದದ್ದು ಕ್ಯಾಲೆಂಡರ್‌ನಲ್ಲಿ ಮಾತ್ರ.

ಒಹಾಯೋ ಸ್ಟೇಟ್ ಒಟ್ಟು ಮೂರು ಪಂದ್ಯ ಕಳೆದುಕೊಂಡಿತು. ಮೇರಿಲ್ಯಾಂಡ್ ಪಂದ್ಯ ಹೋಗಿದ್ದು ಮೇರಿಲ್ಯಾಂಡ್‌ನಲ್ಲಿ ಸೋಂಕು ಹರಡಿದ್ದಕ್ಕೆ. ನವೆಂಬರ್ 28ರ ಇಲಿನಾಯ್ ಪಂದ್ಯ ಹೋಗಿದ್ದು ಒಹಾಯೋ ಸ್ಟೇಟ್‌ನಲ್ಲೇ ಸೋಂಕು ಬಂದಿದ್ದಕ್ಕೆ, ಕೋಚ್ ರಯಾನ್ ಡೇ ಅವರಿಗೂ ಪಾಸಿಟಿವ್ ಆಗಿತ್ತು. ಡಿಸೆಂಬರ್ 12ರ ಮಿಷಿಗನ್ ಪಂದ್ಯ ಹೋಗಿದ್ದು ಮಿಷಿಗನ್‌ನವರಿಗೆ ಬಂದಿದ್ದಕ್ಕೆ. ಅಂದರೆ ಮೂರರಲ್ಲಿ ಎರಡು ಅವರ ತಪ್ಪಲ್ಲ. ಕೈಯಲ್ಲಿ ಉಳಿದದ್ದು ಐದು ಪಂದ್ಯ, ಐದೂ ಗೆಲುವು.

ಈಗ ರೂಲ್ ಅನ್ನು ಅಕ್ಷರಶಃ ಪಾಲಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಮಿಷಿಗನ್ ಮೇಲೆ ಆಡಿ ಹೀನಾಯವಾಗಿ ಸೋತಿದ್ದರೂ ಲೆಕ್ಕ ಆರಾಗುತ್ತಿತ್ತು. ಅದೇ ವಿಭಾಗದ ಇಂಡಿಯಾನಾವನ್ನು ನೇರವಾಗಿ ಸೋಲಿಸಿದ್ದರಿಂದ ಸೋತರೂ ಗೆದ್ದರೂ ಫೈನಲ್‌ಗೆ ಅವರೇ ಅಂತ ಬಿಗ್ ಟೆನ್ ಆಗಲೇ ಹೇಳಿತ್ತು. ಎದುರಾಳಿಗೆ ಜ್ವರ ಬಂದು ಪಂದ್ಯವೇ ನಡೆಯದಿದ್ದರೆ ಮಾತ್ರ ಔಟ್. ಸೋತವರಿಗೆ ಬಾಗಿಲು ತೆರೆದಿಟ್ಟು, ಸೋಲದವರಿಗೆ ಮುಚ್ಚುವ ರೂಲ್ ಅದು. ಅದಕ್ಕಿಂತ ನನಗೆ ಭಯ ಹುಟ್ಟಿಸುವುದು ಇನ್ನೊಂದು. ಮಿಷಿಗನ್ ಒಹಾಯೋ ಸ್ಟೇಟ್‌ನ ಬದ್ಧ ವೈರಿ. ತಾನು ಆಡದೇ ಇದ್ದರೆ ವೈರಿ ಫೈನಲ್‌ನಿಂದ ಹೊರಗೆ ಬೀಳುತ್ತಾನೆ ಅನ್ನುವ ಆಸೆಯನ್ನು ಯಾವ ರೂಲೂ ಯಾರ ಮುಂದೆಯೂ ಇಡಬಾರದು. ಮಿಷಿಗನ್ ಹಾಗೆ ಮಾಡಿತು ಅಂತ ನಾನು ಹೇಳುತ್ತಿಲ್ಲ, ಅಲ್ಲಿ ನಿಜವಾಗಿಯೂ ಸೋಂಕಿತ್ತು. ಆದರೆ ಪಾಪ, ಹುಷಾರಿಲ್ಲದ ಹುಡುಗರು ಆ ಅನುಮಾನವನ್ನೂ ಹೊರಬೇಕಾಯಿತು.

ಆ ರೂಲ್‌ನಲ್ಲಿ ಒಂದು ರಿಯಾಯಿತಿ ಇತ್ತು. ಎಲ್ಲಾ ಟೀಮುಗಳ ಸರಾಸರಿ ಆರಕ್ಕಿಂತ ಕೆಳಗೆ ಬಂದರೆ ಮಿತಿಯೂ ಕೆಳಗಿಳಿಯುತ್ತದೆ ಅಂತ. ಅಂದರೆ ಎಲ್ಲರಿಗೂ ಒಟ್ಟಿಗೆ ಕಷ್ಟ ಬಂದರೆ ಏನು ಮಾಡಬೇಕು ಅಂತ ಯೋಚಿಸಿದ್ದರು. ಒಬ್ಬರ ಸೋಂಕಿಗೆ ಇನ್ನೊಬ್ಬರು ಬೆಲೆ ತೆತ್ತರೆ ಏನು ಅಂತ ಯೋಚಿಸಿರಲಿಲ್ಲ. "ಎದುರಾಳಿಯ ಕಾರಣಕ್ಕೆ ರದ್ದಾದ ಪಂದ್ಯವನ್ನು ಕೊರತೆ ಅಂತ ಎಣಿಸುವುದಿಲ್ಲ" ಅಂತ ಒಂದು ಸಾಲು ಸೆಪ್ಟೆಂಬರ್‌ನಲ್ಲೇ ಬರೆದಿದ್ದರೆ ಡಿಸೆಂಬರ್ 9ರಂದು ರೂಲ್ ತೆಗೆದು ಹಾಕುವ ತೀರ್ಮಾನವೇ ಬೇಕಿರಲಿಲ್ಲ.

ಇಂಡಿಯಾನಾ ವಿಷಯಕ್ಕೆ ಬರುತ್ತೇನೆ. ನವೆಂಬರ್ 21ರಂದು ಒಹಾಯೋ ಸ್ಟೇಟ್ ಮೇಲೆ ಆಡಿದಾಗ ಒಂದು ಲಕ್ಷ ಜನ ಹಿಡಿಸುವ ಒಹಾಯೋ ಸ್ಟೇಡಿಯಂ ಖಾಲಿ ಹೊಡೆಯುತ್ತಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಸ್ಕೋರು 35–7, ಇಂಡಿಯಾನಾ ಕಥೆ ಮುಗಿಯಿತು ಅಂತಲೇ ಅನ್ನಿಸಿತ್ತು. ಅಲ್ಲಿಂದ ನಮ್ಮ ಟೀಮಿನಲ್ಲಿ ಚೆಂಡು ಎಸೆಯುವ ಆಟಗಾರ ಮೈಕಲ್ ಪೆನಿಕ್ಸ್ ಎಸೆದ ಎಸೆತಗಳನ್ನು ನೋಡಬೇಕಿತ್ತು. ಒಟ್ಟು 491 ಗಜ, ಐದು ಟಚ್‌ಡೌನ್. ಕೊನೆಗೆ 42–35ಕ್ಕೆ ಸೋತರು. ಮುಂದಿನ ವಾರ ಪೆನಿಕ್ಸ್ ಮಂಡಿಗೆ ಪೆಟ್ಟು ಬಿದ್ದು ಸೀಸನ್ ಮುಗಿಯಿತು. ಅವರಿಲ್ಲದೆಯೂ ಇಂಡಿಯಾನಾ ವಿಸ್ಕಾನ್ಸಿನ್ ಅನ್ನು ಅವರ ನೆಲದಲ್ಲೇ 14–6ರಿಂದ ಸೋಲಿಸಿತು. 6 ಗೆಲುವು, 1 ಸೋಲು. ದಶಕಗಳಿಂದ ತಳದಲ್ಲಿದ್ದ ಟೀಮಿಗೆ ಇದು ಕನಸಿನ ವರ್ಷ. ಊರಿನ ಜನ ಫೈನಲ್ ಆಸೆ ಇಟ್ಟುಕೊಂಡಿದ್ದರಲ್ಲಿ ತಪ್ಪೇನಿಲ್ಲ, ನಾನೂ ಇಟ್ಟುಕೊಂಡಿದ್ದೆ. ಆದರೆ ನಮ್ಮನ್ನು ಸೋಲಿಸಿದವರು ಮಿಷಿಗನ್‌ನ ಟೆಸ್ಟ್ ರಿಪೋರ್ಟಿನಿಂದ ಹೊರಗೆ ಹೋಗಿ, ಆ ಜಾಗಕ್ಕೆ ನಾವು ಹೋಗುವುದು ನನಗೆ ಹಿಡಿಸುತ್ತಿರಲಿಲ್ಲ.

"ಇಂಡಿಯಾನಾ ಆ ಸ್ಥಿತಿಯಲ್ಲಿದ್ದರೆ ರೂಲ್ ಬದಲಾಯಿಸುತ್ತಿದ್ದರಾ?" ಅಂತ ನೀವು ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ರಾಷ್ಟ್ರ ಮಟ್ಟದ ಪ್ಲೇಆಫ್‌ಗೆ ಒಂದು ಟೀಮ್ ಹೋದರೆ ಕಾನ್ಫರೆನ್ಸ್‌ಗೆ 60 ಲಕ್ಷ ಡಾಲರ್ ಬರುತ್ತಿತ್ತು. ಬಿಗ್ ಟೆನ್‌ನಿಂದ ಹೋಗುವ ಅವಕಾಶ ಜಾಸ್ತಿ ಇದ್ದದ್ದು ಒಹಾಯೋ ಸ್ಟೇಟ್‌ಗೆ. ಜನರಿಗೆ ಅನುಮಾನ ಬಂದದ್ದು ಇದಕ್ಕೇ, ಬರಲೇಬೇಕಿತ್ತು. ಸರಿಯಾದ ತೀರ್ಮಾನವನ್ನೂ ಯಾರಿಗೆ ಲಾಭ ಅಂತ ಗೊತ್ತಾದ ಮೇಲೆ ತೆಗೆದುಕೊಂಡರೆ ಅದರ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ನಮ್ಮ ಕ್ರಿಕೆಟ್‌ನಲ್ಲೂ ಅದೇ ನವೆಂಬರ್‌ನಲ್ಲಿ ಹೀಗೇ ಆಯಿತು. ಟೆಸ್ಟ್ ಚಾಂಪಿಯನ್‌ಶಿಪ್‌ನಲ್ಲಿ ಹಲವು ಸರಣಿ ನಿಂತುಹೋಗಿದ್ದಕ್ಕೆ ಐಸಿಸಿ ಒಟ್ಟು ಪಾಯಿಂಟ್ ಬಿಟ್ಟು ಶೇಕಡಾವಾರು ಲೆಕ್ಕ ತಂದಿತು. 360 ಪಾಯಿಂಟ್ ಇದ್ದ ಭಾರತ, 296 ಇದ್ದ ಆಸ್ಟ್ರೇಲಿಯಾಕ್ಕಿಂತ ಕೆಳಗೆ ಹೋಯಿತು. ಲೆಕ್ಕ ಸರಿಯಾಗೇ ಇತ್ತು, ಆಡದ ಸರಣಿಗೆ ಯಾರನ್ನೂ ಶಿಕ್ಷಿಸಬಾರದಲ್ವಾ? ಆದರೂ ನಮಗೆಲ್ಲ ಎಷ್ಟು ಸಿಟ್ಟು ಬಂದಿತ್ತು ನೆನಪಿದೆ.

ಪ್ಲೇಆಫ್ ವಿಷಯ ಬೇರೆ, ಅಲ್ಲಿ ನನ್ನ ಸಹಾನುಭೂತಿ ಇನ್ನೊಂದು ಕಡೆಗಿದೆ. ಒಹಾಯೋ ಸ್ಟೇಟ್ ಬಿಗ್ ಟೆನ್ ಫೈನಲ್‌ನಲ್ಲಿ ಪಶ್ಚಿಮ ವಿಭಾಗದ ನಾರ್ತ್‌ವೆಸ್ಟರ್ನ್ ಅನ್ನು 22–10ರಿಂದ ಗೆದ್ದಿತು. ಆರು ಪಂದ್ಯ ಆಡಿದ ಅವರಿಗೆ ನಾಲ್ಕು ಟೀಮುಗಳ ಪ್ಲೇಆಫ್‌ನಲ್ಲಿ ಮೂರನೇ ಸ್ಥಾನ ಸಿಕ್ಕಿತು. 8 ಗೆಲುವು, 1 ಸೋಲು ಇದ್ದ ಟೆಕ್ಸಸ್ ಎ ಅಂಡ್ ಎಂ ಐದನೇ ಸ್ಥಾನದಲ್ಲಿ ಹೊರಗುಳಿಯಿತು. ಒಂಬತ್ತಕ್ಕೆ ಒಂಬತ್ತೂ ಗೆದ್ದ ಸಿನ್ಸಿನಾಟಿಗೆ ಎಂಟನೇ ಸ್ಥಾನ. ಇಲ್ಲಿ ಆಗ ಲೆಕ್ಕವೂ ಇರಲಿಲ್ಲ, ರೂಲೂ ಇರಲಿಲ್ಲ, ಸಮಿತಿಯವರು ಕೂತು ಆರಿಸುತ್ತಿದ್ದರು. ಸೋಲೇ ಕಾಣದ ಸಿನ್ಸಿನಾಟಿಯಂಥ ಟೀಮ್ ಇನ್ನೇನು ಮಾಡಬೇಕಿತ್ತು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮುಂದೆ ಒಹಾಯೋ ಸ್ಟೇಟ್ ಕ್ಲೆಮ್ಸನ್ ಅನ್ನು 49–28ರಿಂದ ಸೋಲಿಸಿದಾಗ "ನೋಡಿದ್ರಾ, ಸಮಿತಿ ಸರಿ" ಅಂದರು. ಕೊನೆಯ ಪಂದ್ಯದಲ್ಲಿ ಅಲಬಾಮಾ ಮೇಲೆ 52–24ರಿಂದ ಸೋತಾಗ ಅದೇ ಜನ ಸುಮ್ನೆ ಆದರು. ಟೆಕ್ಸಸ್ ಎ ಅಂಡ್ ಎಂ ಅಕ್ಟೋಬರ್‌ನಲ್ಲಿ ಅಲಬಾಮಾ ಮೇಲೆ ಸೋತಿದ್ದೂ 52–24ರಿಂದಲೇ. ಆಮೇಲಿನ ಸ್ಕೋರು ನೋಡಿ ಮೊದಲಿನ ತೀರ್ಮಾನ ಸರಿ ತಪ್ಪು ಅನ್ನಲು ಆಗುವುದಿಲ್ಲ.

ಆರು ಪಂದ್ಯದ ಗಲಾಟೆಯಲ್ಲಿ ಯಾರೂ ಹೆಚ್ಚು ಮಾತಾಡದ ಬದಲಾವಣೆ ಇನ್ನೊಂದಿದೆ, ನನಗೆ ಅದೇ ಜಾಸ್ತಿ ಚುಚ್ಚುತ್ತದೆ. ಬಿಗ್ ಟೆನ್‌ನಲ್ಲಿ ಪಾಸಿಟಿವ್ ಆದ ಆಟಗಾರ 21 ದಿನ ಆಡುವಂತಿರಲಿಲ್ಲ. ಹೃದಯದ ಸ್ನಾಯುವಿಗೆ ಉರಿಯೂತ ಆಗಬಹುದು ಅನ್ನುವ ಭಯ, ಅದಕ್ಕೆ ಹೃದಯದ ಪರೀಕ್ಷೆ ಕಡ್ಡಾಯ. ಬೇರೆ ಕಡೆಗಿಂತ ಬಹಳ ಬಿಗಿಯಾದ ರೂಲ್ ಇದು, ನನ್ನ ಪ್ರಕಾರ ಒಳ್ಳೆಯ ರೂಲ್. ಡಿಸೆಂಬರ್‌ನಲ್ಲಿ, ಫೈನಲ್ ಹತ್ತಿರ ಬಂದಾಗ, ಅದನ್ನು 17 ದಿನಕ್ಕೆ ಇಳಿಸಿದರು. ವೈದ್ಯರ ಸಮಿತಿ ಒಪ್ಪಿದೆ ಅಂದರು. ಒಪ್ಪಿರಬಹುದು. ಆದರೆ ಫೈನಲ್‌ಗೆ ಎಷ್ಟು ಪಂದ್ಯ ಬೇಕು ಅನ್ನುವುದು ಕಾಗದದ ಮೇಲಿನ ಲೆಕ್ಕ, ಇದು ಇಪ್ಪತ್ತರ ಹುಡುಗನ ಎದೆಯ ವಿಷಯ. ಆಗ ಆ ಹುಡುಗರಿಗೆ ಸಂಬಳ ಇರಲಿಲ್ಲ. ತಮ್ಮ ಹೆಸರು ಬಳಸಿ ಜಾಹೀರಾತಿನಿಂದ ದುಡಿಯುವ ಹಕ್ಕು ಸಿಕ್ಕಿದ್ದೂ 2021ರ ಜುಲೈನಲ್ಲಿ.

ಆ ವರ್ಷ ನಿಜಕ್ಕೂ ನ್ಯಾಯ ಅನ್ನಿಸಿದ ರೂಲ್ ಬಂದದ್ದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯಿಂದ. ಕಾಲೇಜು ಆಟಗಾರನಿಗೆ ಸಾಮಾನ್ಯವಾಗಿ ನಾಲ್ಕು ಸೀಸನ್ ಸಿಗುತ್ತವೆ. 2020 ಅನ್ನು ಯಾರಿಗೂ ಎಣಿಸುವುದಿಲ್ಲ ಅಂತ ಆಗಸ್ಟ್‌ನಲ್ಲೇ ಹೇಳಿಬಿಟ್ಟರು. ಎಲ್ಲಾ ಪಂದ್ಯ ಆಡಿದವನಿಗೂ ಒಂದು ವರ್ಷ ವಾಪಸ್, ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ಆಡದೆ ಉಳಿದವನಿಗೂ ವಾಪಸ್. ನೀನು ಯಾಕೆ ಆಡಲಿಲ್ಲ, ಯಾರಿಂದ ಪಂದ್ಯ ನಿಂತಿತು ಅನ್ನುವ ವಿಚಾರಣೆಯೇ ಇಲ್ಲ. ಪಂದ್ಯ ಶುರುವಾಗುವ ಮುಂಚೆಯೇ, ಯಾರಿಗೆ ಲಾಭ ಅಂತ ಗೊತ್ತಾಗುವ ಮುಂಚೆಯೇ ಮಾಡಿದ್ದರು.

ಅದಕ್ಕೂ ಬೆಲೆ ತೆತ್ತವರಿದ್ದಾರೆ. ಆಗ ಒಂದು ಟೀಮಿಗೆ 85 ಸ್ಕಾಲರ್‌ಶಿಪ್ ಮಾತ್ರ ಇತ್ತು. ಉಳಿದುಕೊಂಡ ಕೊನೇ ವರ್ಷದವರನ್ನು 2021ಕ್ಕೆ ಮಾತ್ರ ಆ ಲೆಕ್ಕದಿಂದ ಹೊರಗಿಟ್ಟರು. ಉಳಿದ ಬ್ಯಾಚುಗಳಿಗೂ ಒಂದು ವರ್ಷ ಜಾಸ್ತಿ ಇತ್ತು, ಆಮೇಲೆ ಮಿತಿ ಮತ್ತೆ 85. ಹಾಗಾಗಿ ಆ ಎರಡು ಮೂರು ವರ್ಷ ಹೈಸ್ಕೂಲ್ ಮುಗಿಸಿ ಬಂದ ಹುಡುಗರಿಗೆ ಜಾಗ ಕಮ್ಮಿಯಾಯಿತು. ಒಹಾಯೋ ಸ್ಟೇಟ್ ಪರವಾಗಿ ದೇಶವೇ ವಾದ ಮಾಡಿತು. ಈ ಹುಡುಗರ ಪರವಾಗಿ ಕೇಳಿಬಂದ ದನಿ ತೀರಾ ಕಮ್ಮಿ.