ಘಟ್ಟ ಹತ್ತುವುದಲ್ಲ, ಇಳಿಯುವುದು: ಸ್ಕೀ ಓಟಗಾರ್ತಿಯ ಬಿಡುವಿನ ತಿಂಗಳುಗಳು

ಪ್ರಶ್ನೆ: ಮೇಡಂ, ನನಗೆ 20 ವರ್ಷ. ಊರು ಕುಮಟಾ ತಾಲ್ಲೂಕು, ಅಜ್ಜನ ಮನೆ ಶಿರಸಿ ಕಡೆ. ಅಪ್ಪ ಸೈನ್ಯದಲ್ಲಿದ್ದು ಕಾಶ್ಮೀರಕ್ಕೆ ವರ್ಗವಾಗಿದ್ದಾಗ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತೆ. ಈಗ ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್ (ಹಿಮದ ಇಳಿಜಾರಿನಲ್ಲಿ ಗೇಟು ಎಂಬ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಓಟಗಳು) ಸ್ಪರ್ಧೆಗಳಲ್ಲಿ ಭಾಗವಹಿಸುತ್ತೇನೆ. ಮಾರ್ಚ್ ಕೊನೆಯಲ್ಲಿ ಊರಿಗೆ ಬಂದೆ. ಒಂದು ದಿನ ಸುಮ್ಮನೆ ಕುಳಿತರೂ ಏನೋ ತಪ್ಪು ಮಾಡಿದಂತೆ ಅನ್ನಿಸುತ್ತದೆ. ಅಮ್ಮ ಮಾತ್ರ ಒಂದು ತಿಂಗಳು ಏನನ್ನೂ ಮಾಡಬೇಡ ಎನ್ನುತ್ತಾರೆ. ಮನೆಯಲ್ಲಿ ಮದುವೆ, ನೆಂಟರ ಮನೆ ಓಡಾಟ ಬೇರೆ. ಜೂನ್‌ನಲ್ಲಿ ಗೆಳತಿಯರೊಂದಿಗೆ ಲಡಾಖ್‌ಗೆ ಹೋಗುವ ಯೋಚನೆ ಇದೆ. ಎತ್ತರದ ತರಬೇತಿಯೂ ಆದಂತಾಗುತ್ತದೆ ಎಂಬ ಆಸೆ. ಹಿಮವೇ ಬೀಳದ ಊರಿನಲ್ಲಿ ಡಿಸೆಂಬರ್‌ವರೆಗೆ ನಾನು ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅಮ್ಮನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಬಹುಪಾಲು ಸರಿಯಿದೆ. ಮೂರು ನಾಲ್ಕು ತಿಂಗಳು ಚಳಿಯಲ್ಲಿ, ಗಟ್ಟಿ ಬೂಟಿನೊಳಗೆ, ದಿನವೂ ಗೇಟುಗಳ ನಡುವೆ ಇಳಿದು ಬಂದ ದೇಹಕ್ಕೆ ಎರಡರಿಂದ ಮೂರು ವಾರ ಪೂರ್ತಿ ಬಿಡುವು ಬೇಕು. ಆ ದಿನಗಳಲ್ಲಿ ತೂಕ ಎತ್ತುವುದು ಬೇಡ, ಗಡಿಯಾರ ಕಟ್ಟಿಕೊಂಡು ಓಡುವುದೂ ಬೇಡ. ಮದುವೆ ಮನೆಯಲ್ಲಿ ಬಡಿಸಿ, ಅಜ್ಜನ ತೋಟದಲ್ಲಿ ಅಡ್ಡಾಡಿ, ಮಧ್ಯಾಹ್ನ ಮಲಗಿ. ತಿಂಗಳ ಉಳಿದ ದಿನಗಳಲ್ಲಿ ನಿತ್ಯ ಅರ್ಧ ಗಂಟೆ ನಡಿಗೆ, ಸ್ವಲ್ಪ ಸೈಕಲ್ ಇದ್ದರೆ ಸಾಕು. ಅಲ್ಲಿಗೆ ಅಮ್ಮ ಹೇಳಿದ ತಿಂಗಳೂ ಮುಗಿಯುತ್ತದೆ.

ತಪ್ಪು ಮಾಡಿದ ಭಾವನೆ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಿದೆ, ಏಕೆಂದರೆ ನನ್ನ ಬಳಿ ಬರುವ ಎಳೆಯ ಕ್ರೀಡಾಪಟುಗಳಲ್ಲಿ ಗಾಯಕ್ಕಿಂತ ಹೆಚ್ಚು ಕಾಣುವುದು ಈ ಅಳುಕು. ಆದ್ದರಿಂದ ದೇಹದ ಲೆಕ್ಕವನ್ನೇ ಹೇಳುತ್ತೇನೆ. ತರಬೇತಿ ನಿಲ್ಲಿಸಿದಾಗ ಮೊದಲು ಇಳಿಯುವುದು ದಮ್ಮು. ರಕ್ತದಲ್ಲಿನ ದ್ರವಾಂಶ ಕಡಿಮೆಯಾಗುವುದರಿಂದ ಎರಡು ಮೂರು ವಾರಗಳಲ್ಲೇ ಉಸಿರಿನ ಸಾಮರ್ಥ್ಯ ತುಸು ಕುಗ್ಗುತ್ತದೆ. ಅದು ಮರಳುವುದೂ ಬೇಗ. ನಿಮಗೆ ಅತ್ಯಗತ್ಯವಾದ ಕಾಲಿನ ಬಲ ಮಾತ್ರ ಮೂರು ನಾಲ್ಕು ವಾರ ಹೆಚ್ಚೂ ಕಡಿಮೆ ಹಾಗೆಯೇ ಉಳಿಯುತ್ತದೆ. ಮೂರು ವಾರ ಕುಳಿತರೆ ನೀವು ಕಳೆದುಕೊಳ್ಳುವುದು ಅಲ್ಪ. ಬಿಡುವೇ ಇಲ್ಲದೆ ಮುಂದಿನ ತರಬೇತಿಗೆ ಇಳಿದರೆ ಕಳೆದುಕೊಳ್ಳಬಹುದಾದದ್ದು ಇಡೀ ವರ್ಷ. ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ನಾಡಿ ಎಣಿಸಿ ಬರೆದಿಡಿ. ಅದು ತನ್ನ ಹಳೆಯ ಮಟ್ಟಕ್ಕೆ ಬಂದು, ನಿದ್ದೆ ಸರಿಯಾಗಿ, "ಇವತ್ತು ಓಡಬೇಕು" ಎಂದು ಕಾಲು ತಾನಾಗಿ ಕೇಳುವವರೆಗೆ ಕಾಯಿರಿ.

ಮಾರ್ಚ್‌ನಲ್ಲಿ ಹಿಮದಿಂದ ನೇರ ಕರಾವಳಿಯ ಸೆಕೆಗೆ ಇಳಿದಿದ್ದೀರಿ ಎಂಬುದನ್ನೂ ಮರೆಯಬೇಡಿ. ಬಿಸಿಲಿಗೆ ಮತ್ತು ಬೆವರಿಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು, ಅದೂ ದಿನವೂ ಸ್ವಲ್ಪ ಹೊತ್ತು ಸೆಕೆಯಲ್ಲಿ ಓಡಾಡಿದರೆ ಮಾತ್ರ. ವ್ಯಾಯಾಮ ಶುರುವಾದ ಮೇಲೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ನಿಧಾನವಾಗಿ ಕುಡಿಯಬೇಕು. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಮನೆಯ ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಹಾಕಿದರೆ ಅಂಗಡಿಯ ಬಣ್ಣದ ಬಾಟಲಿಯ ಹಂಗು ಬೇಡ. ಗಂಜಿ ನೀರಿಗೆ ಉಪ್ಪು ಹಾಕಿ ಕುಡಿದರೂ ಆಯಿತು.

ಲಡಾಖ್‌ಗೆ ಖಂಡಿತ ಹೋಗಿ ಬನ್ನಿ, ಆದರೆ ಅದನ್ನು ತರಬೇತಿ ಎಂದು ಕರೆಯಬೇಡಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಇಳಿದರೆ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ ಬೇಕು. ಗುಲ್ಮಾರ್ಗ್‌ನ 2,650 ಮೀಟರ್ ಅಭ್ಯಾಸವಿದೆ ಎಂಬ ಧೈರ್ಯ ಬೇಡ, ಏಕೆಂದರೆ ಸಮುದ್ರ ಮಟ್ಟಕ್ಕೆ ಬಂದ ಕೆಲವೇ ವಾರಗಳಲ್ಲಿ ಆ ಹೊಂದಾಣಿಕೆ ಕರಗಿಹೋಗುತ್ತದೆ. ಜೂನ್‌ನಲ್ಲಿ ಗಳಿಸಿದ್ದೂ ಹಾಗೆಯೇ, ಡಿಸೆಂಬರ್‌ಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ತಲೆನೋವು, ವಾಕರಿಕೆ, ತೂರಾಡುವ ನಡಿಗೆ ಕಂಡರೆ ಮೇಲೆ ಹೋಗುವುದನ್ನು ನಿಲ್ಲಿಸಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಮಿಕ್ಕಂತೆ ಗೆಳತಿಯರೊಂದಿಗೆ ಕಣ್ತುಂಬ ನೋಡಿ ಬನ್ನಿ. ಪದಕದ ಯೋಚನೆ ಇಲ್ಲದೆ ಪರ್ವತ ನೋಡುವ ಭಾಗ್ಯ ನಿಮ್ಮಂಥವರಿಗೆ ವರ್ಷದಲ್ಲಿ ಆ ಕೆಲವೇ ದಿನ ಸಿಗುತ್ತದೆ.

ಇನ್ನು ಹಿಮವಿಲ್ಲದ ಊರಿನಲ್ಲಿ ಏನು ಮಾಡಲಿ ಎಂಬ ಮುಖ್ಯ ಪ್ರಶ್ನೆ. ಇದಕ್ಕೆ ನಾನು ಕೊಡುವ ಉತ್ತರ ಒಂದೇ ಮಾತಿನದು: ಇಳಿಯಿರಿ.

ನಮ್ಮ ಕಡೆ ಯಾವ ಆಟಗಾರನನ್ನು ಕೇಳಿದರೂ "ಘಟ್ಟ ಹತ್ತುತ್ತೇನೆ, ಗುಡ್ಡ ಹತ್ತುತ್ತೇನೆ" ಎನ್ನುತ್ತಾರೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಮೈಭಾರವನ್ನು ತಡೆದು ಹಿಡಿಯುತ್ತಾ ದುಡಿಯುತ್ತದೆ. ಜೈಂಟ್ ಸ್ಲಾಲಮ್‌ನ ಪ್ರತಿ ತಿರುವಿನಲ್ಲೂ ನಿಮ್ಮ ಹೊರಗಾಲು ಮಾಡುವ ಕೆಲಸ ಹೆಚ್ಚಾಗಿ ಈ ಎರಡನೆಯದು. ವೇಗ ನಿಮ್ಮನ್ನು ಕೆಳಕ್ಕೆ ಒತ್ತುತ್ತದೆ, ಕಾಲು ಸೋಲದೆ, ನಿಧಾನವಾಗಿ ಮಣಿಯುತ್ತಾ ತಡೆಯುತ್ತದೆ. ಹಾಗಾಗಿ ಸ್ಕೀ ಓಟಗಾರ್ತಿಗೆ ಗುಡ್ಡದ ಬೆಲೆ ಇರುವುದು ಅದರ ಇಳಿಜಾರಿನಲ್ಲಿ. ಘಟ್ಟದ ಬುಡದಲ್ಲಿ ಹುಟ್ಟಿದವರಿಗೆ ಇದು ಬಾಗಿಲಲ್ಲೇ ಇದೆ.

ಮೇಲಿನವರೆಗೆ ವಾಹನ ಹೋಗುವ ಗುಡ್ಡವೊಂದನ್ನು ಹುಡುಕಿ, ಬೈಕಿನಲ್ಲಿ ಹೋಗಿ, ನಡೆದು ಇಳಿಯಿರಿ. ಕಾರವಾರದವರಾಗಿದ್ದರೆ ಸದಾಶಿವಗಡದ ಗುಡ್ಡ ಹೇಳುತ್ತಿದ್ದೆ. ದೇವಿಮನೆ ಘಟ್ಟದ ಹೆದ್ದಾರಿ ಮಾತ್ರ ಬೇಡ, ಲಾರಿಗಳ ನಡುವೆ ಮಾಡುವ ಕೆಲಸವಲ್ಲ ಇದು. ಮೊದಲ ವಾರ 15 ನಿಮಿಷದ ಇಳಿತ ಎರಡೇ ಸಲ, ನಡುವೆ ಮೂರು ದಿನ ಬಿಡುವು. ಒಂದರಿಂದ ಮೂರು ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟವಾಗಬಹುದು. ಹೆದರಬೇಡಿ, ಎರಡನೆಯ ಸಲ ನೋವು ಬಹಳ ಕಡಿಮೆ ಇರುತ್ತದೆ, ಸ್ನಾಯು ಅಷ್ಟು ಬೇಗ ಪಾಠ ಕಲಿಯುತ್ತದೆ. ನೋವು ತೊಡೆಯಲ್ಲಿದ್ದರೆ ಸರಿ, ಮಂಡಿಯ ಒಳಗಿದ್ದರೆ ಅಥವಾ ಮಂಡಿ ಊದಿಕೊಂಡರೆ ಅಲ್ಲಿಗೇ ನಿಲ್ಲಿಸಿ ತೋರಿಸಿಕೊಳ್ಳಿ.

ಇಲ್ಲಿ ಕಾಡಿನ ಎಚ್ಚರವೊಂದು. ಶಿರಸಿ, ಸಿದ್ದಾಪುರ ಕಡೆಯ ಕಾಡುಗಳಲ್ಲಿ ಡಿಸೆಂಬರ್‌ನಿಂದ ಮೇ ವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರವನ್ನು ಹರಡುವುದು ಉಣ್ಣೆಗಳು. ಮಂಗ ಸತ್ತ ಸುದ್ದಿ ಇರುವ ಕಡೆ ಓಡಲು ಹೋಗಬೇಡಿ. ಬೇರೆಡೆ ಹೋದರೂ ಉದ್ದ ಕಾಲುಚೀಲ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ, ಮನೆಗೆ ಬಂದು ಬಿಸಿನೀರಿನ ಸ್ನಾನ ಮಾಡಿ, ಮೈ ಪೂರ್ತಿ ನೋಡಿಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಜೂನ್ ಬಂತೆಂದರೆ ಗುಡ್ಡದ ಕೆಲಸ ನಿಂತಿತು. ಮಳೆಗಾಲದ ಕೆಮ್ಮಣ್ಣಿನ ದಾರಿಯಲ್ಲಿ ಉಂಬಳಕ್ಕಿಂತ ಜಾರುವಿಕೆ ಅಪಾಯಕಾರಿ. ಮಣ್ಣು ಕುಸಿಯುವ ಭಯವಂತೂ 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನ ದುರಂತವನ್ನು ಕಂಡ ನಮಗೆ ಹೇಳಿಕೊಡಬೇಕಾಗಿಲ್ಲ. ಆ ನಾಲ್ಕು ತಿಂಗಳು ಮನೆಯ ಜಗುಲಿಯೇ ನಿಮ್ಮ ಅಂಗಣ. ಜಗುಲಿಯ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವವರೆಗೆ ಐದು ಎಣಿಸುತ್ತಾ ಇಳಿಯಿರಿ, ಎರಡೂ ಕಾಲಿನಿಂದ ಮೇಲೇಳಿ. ಮಂಡಿ ಒಳಕ್ಕೆ ವಾಲದಂತೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕುಮಟಾದಲ್ಲೋ ಶಿರಸಿಯಲ್ಲೋ ಜಿಮ್‌ಗೆ ಹೋಗಲು ಸಾಧ್ಯವಾದರೆ ವಾರಕ್ಕೆ ಎರಡು ದಿನ ತೂಕದ ಬೈಠಕ್ ಮತ್ತು ತೊಡೆಯ ಹಿಂಭಾಗದ ವ್ಯಾಯಾಮ ಸೇರಿಸಿ. ಹಿಂಭಾಗದ ಸ್ನಾಯುವನ್ನು ಎಲ್ಲರೂ ಮರೆಯುತ್ತಾರೆ, ಆದರೆ ಮಂಡಿಯ ಒಳಗಿನ ಎಸಿಎಲ್ ಎಂಬ ಕಟ್ಟಿಗೆ ಅದೇ ಕಾವಲು. ಸೆಪ್ಟೆಂಬರ್ ಹೊತ್ತಿಗೆ ದಮ್ಮಿನ ಕೆಲಸವನ್ನು ಓಟದ ಅವಧಿಗೆ ಹೊಂದಿಸಿ. ನಿಮ್ಮ ಒಂದು ಓಟ ಒಂದು ನಿಮಿಷದ ಆಸುಪಾಸು. ಆದ್ದರಿಂದ 60ರಿಂದ 90 ಸೆಕೆಂಡು ಪೂರ್ತಿ ಶಕ್ತಿ, ಮೂರು ನಿಮಿಷ ವಿರಾಮ, ಹೀಗೆ ಆರು ಸಲ. ಒಂದು ಗಂಟೆ ಒಂದೇ ಸಮನೆ ಓಡುವುದು ಆರೋಗ್ಯಕ್ಕೆ ಒಳ್ಳೆಯದು, ಗೇಟುಗಳ ನಡುವೆ ಅದರಿಂದ ಸಿಗುವ ನೆರವು ಕಡಿಮೆ.

ಮಳೆ ನಿಂತು ರಸ್ತೆ ಒಣಗಿದ ಮೇಲೆ, ಅಕ್ಟೋಬರ್‌ನಿಂದ, ಸಾಲುಗಾಲಿಯ ಸ್ಕೇಟ್ ಕಟ್ಟಿಕೊಂಡು ಶಾಲೆಯ ಸಿಮೆಂಟ್ ಅಂಗಳದಲ್ಲಿ ಕೋನ್‌ಗಳ ನಡುವೆ ತಿರುವು ಅಭ್ಯಾಸ ಮಾಡಿ. ಹೆಲ್ಮೆಟ್, ಮಣಿಕಟ್ಟಿನ ಕವಚ ಇಲ್ಲದೆ ಬೇಡ. ಮನಾಲಿಯ ಶಿವ ಕೇಶವನ್ ಗಾಲಿ ಕಟ್ಟಿದ ಸ್ಲೆಡ್‌ನಲ್ಲಿ ಹಿಮಾಲಯದ ರಸ್ತೆಗಳಲ್ಲಿ ಅಭ್ಯಾಸ ಮಾಡಿ, ಮಂಜುಗಟ್ಟಿದ ಹಾದಿಯಲ್ಲಿ ಜಾರುಬಂಡಿಯ ಮೇಲೆ ಮಲಗಿ ಇಳಿಯುವ ಲೂಜ್ ಕ್ರೀಡೆಯಲ್ಲಿ ಆರು ಒಲಿಂಪಿಕ್ಸ್ ಆಡಿದರು. ನಮ್ಮದೇ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶದ ಮುಂಚೂಣಿಯಲ್ಲಿದ್ದಾರೆ. ಕಾಫಿ ತೋಟದ ನಾಡಿನಿಂದ ಹೋಗಲು ಸಾಧ್ಯವಾದರೆ ಅಡಿಕೆ ತೋಟದ ನಾಡಿನಿಂದಲೂ ಸಾಧ್ಯ.

ಹಿಮಕ್ಕೆ ಮರಳಿದ ಮೊದಲ ವಾರ ಗಡಿಯಾರವನ್ನೂ ಗೇಟನ್ನೂ ದೂರವಿಡಿ. ಮೂರು ದಿನ ನಿಧಾನದ ಮುಕ್ತ ಇಳಿತ, ಆಮೇಲೆ ಗಿಡ್ಡ ಗುರುತುಗಳು, ಕೊನೆಗೆ ಗೇಟು. ಎಂಟು ತಿಂಗಳು ಕಾದ ಉತ್ಸಾಹ ಮೊದಲ ದಿನವೇ ಹತ್ತಾರು ಇಳಿತ ಮಾಡಿಸುತ್ತದೆ, ದಣಿದ ಕಾಲು ಸಂಜೆಯ ಗಟ್ಟಿಯಾದ ಹಿಮದಲ್ಲಿ ಮೋಸ ಮಾಡುತ್ತದೆ. ಎಷ್ಟು ಇಳಿತ ಎಂದು ಬೆಳಿಗ್ಗೆಯೇ ತೀರ್ಮಾನಿಸಿ. "ಇನ್ನೊಂದೇ ಒಂದು" ಎನ್ನಿಸಿದಾಗ ಬೂಟು ಬಿಚ್ಚಿ.

ಪ್ರಶ್ನೆ: ನನ್ನ ಮಗಳು ಸ್ಕೀ ಸ್ಪರ್ಧಿ. ಬಿದ್ದು ಎಸಿಎಲ್ ಹರಿದು, ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಡಿಸೆಂಬರ್ ಶಿಬಿರಕ್ಕೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. ನಡೆಯುವಾಗ ನೋವಿಲ್ಲ. ಕಳುಹಿಸಬಹುದೇ? (ಕಾರವಾರದ ತಂದೆಯೊಬ್ಬರು)

ಉತ್ತರ: ಈ ಡಿಸೆಂಬರ್‌ಗೆ ಕಳುಹಿಸಬೇಡಿ. ಏಪ್ರಿಲ್‌ನಿಂದ ಒಂಬತ್ತು ತಿಂಗಳಿಗೆ ಜನವರಿ ಬರುತ್ತದೆ. ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದವರಲ್ಲಿ ಮಂಡಿ ಮತ್ತೆ ಗಾಯಗೊಳ್ಳುವುದು ಗಣನೀಯವಾಗಿ ಹೆಚ್ಚು. ನೋವಿಲ್ಲದಿರುವುದು ಒಪ್ಪಿಗೆಯ ಗುರುತಲ್ಲ. ಹೊಸದಾಗಿ ಹಾಕಿದ ಕಟ್ಟು ಒಳಗೆ ಇನ್ನೂ ಬಲಗೊಳ್ಳುತ್ತಲೇ ಇರುತ್ತದೆ, ಅದು ನೋವಿನ ಮೂಲಕ ಏನನ್ನೂ ಹೇಳುವುದಿಲ್ಲ. ಜನವರಿಯಲ್ಲೂ ದಿನಾಂಕ ಒಂದೇ ಸಾಲದು: ಒಂಟಿ ಕಾಲಿನ ಜಿಗಿತ ಮತ್ತು ತೊಡೆಯ ಬಲದಲ್ಲಿ ಶಸ್ತ್ರಚಿಕಿತ್ಸೆಯಾದ ಕಾಲು ಇನ್ನೊಂದರ ಶೇಕಡ 90ನ್ನಾದರೂ ಮುಟ್ಟಬೇಕು. ಅಳತೆ ಮಾಡಿಸಿ, ಅಂದಾಜು ಬೇಡ.

ಮನಸ್ಸಿನ ಸಂಗತಿಯನ್ನೂ ಕೇಳಿ ತಿಳಿಯಿರಿ. ಅಮೆರಿಕದ ಮಿಕೇಲಾ ಶಿಫ್ರಿನ್ 2024ರ ನವೆಂಬರ್ 30ರಂದು ಜೈಂಟ್ ಸ್ಲಾಲಮ್‌ನಲ್ಲಿ ಬಿದ್ದು ಹೊಟ್ಟೆಗೆ ಆಳವಾದ ಗಾಯ ಮಾಡಿಕೊಂಡರು. ಎರಡು ತಿಂಗಳಿಗೆ ಸ್ಲಾಲಮ್‌ಗೆ ಮರಳಿದರು, ಫೆಬ್ರುವರಿಯಲ್ಲಿ ನೂರನೆಯ ವಿಶ್ವಕಪ್ ಗೆಲುವನ್ನೂ ಕಂಡರು. ಆದರೆ ಅದೇ ತಿಂಗಳ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ತಾನು ಬಿದ್ದ ಜೈಂಟ್ ಸ್ಲಾಲಮ್‌ಗೆ ಮನಸ್ಸು ಇನ್ನೂ ಸಿದ್ಧವಿಲ್ಲ ಎಂದು ಬಹಿರಂಗವಾಗಿ ಹೇಳಿ ಹಿಂದೆ ಸರಿದರು. ಜಗತ್ತಿನ ಅತಿ ಹೆಚ್ಚು ಗೆಲುವಿನ ಓಟಗಾರ್ತಿ ಹೇಳಬಹುದಾದ ಮಾತನ್ನು ನಿಮ್ಮ ಮಗಳೂ ಹೇಳಬಹುದು. ಹಟದ ಹಿಂದೆ ಎಷ್ಟೋ ಸಲ ಸ್ಥಾನ ಕೈತಪ್ಪುವ ಭಯ ಇರುತ್ತದೆ. ನೀವೇ ಪಕ್ಕದಲ್ಲಿ ಕುಳಿತು ಕೇಳಿ, ಆಮೇಲೆ ಕೋಚ್ ಜೊತೆ ಫೋನಿನಲ್ಲಿ ಮಾತನಾಡಿ.

ಪ್ರಶ್ನೆ: ಪ್ರೋಟೀನ್ ಪುಡಿ ಕೊಡಲೇಬೇಕೇ? ಮಗಳಿಗೆ 55 ಕಿಲೋ ತೂಕ. (ಅಂಕೋಲಾದ ತಾಯಿ)

ಉತ್ತರ: ಕೊಡಲೇಬೇಕೆಂದಿಲ್ಲ. ಬಲದ ತರಬೇತಿಯ ತಿಂಗಳುಗಳಲ್ಲಿ ಒಂದು ಕಿಲೋ ಮೈತೂಕಕ್ಕೆ ಸುಮಾರು 1.6 ಗ್ರಾಂ ಲೆಕ್ಕ, ಅಂದರೆ ಅವಳಿಗೆ ದಿನಕ್ಕೆ 88 ಗ್ರಾಂ. ನೂರು ಗ್ರಾಂ ಬಂಗಡೆಯಲ್ಲಿ 19 ಗ್ರಾಂ ಆಸುಪಾಸು ಸಿಗುತ್ತದೆ. ಮೊಟ್ಟೆ, ಬೇಳೆ, ಹೆಸರುಕಾಳು, ಮೊಸರು ಸೇರಿದರೆ ತುಂಬುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿದ್ದು ಮೀನು ತುಟ್ಟಿಯಾದಾಗ ಮೊಟ್ಟೆ, ಕಾಳು ಹೆಚ್ಚಿಸಿ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಅವಳ ಮುಟ್ಟು ಮೂರು ತಿಂಗಳು ನಿಂತಿದ್ದರೆ "ಆಟ ಆಡುವವರಿಗೆ ಹಾಗೆಯೇ" ಎಂದು ಬಿಡಬೇಡಿ. ದುಡಿತಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂಬುದರ ಸೂಚನೆ ಇದಾಗಿರಬಹುದು, ಮೂಳೆ ಸವೆಯುವುದಕ್ಕೂ ಇದೇ ದಾರಿ. ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸ್ಕೀಗಳನ್ನು ಮಳೆಗಾಲದಲ್ಲಿ ಎಲ್ಲಿ ಇಡಲಿ? (ಮೊದಲ ಪತ್ರದ ಹುಡುಗಿಯೇ ಚೀಟಿಯ ಕೊನೆಯಲ್ಲಿ ಕೇಳಿದ್ದು)

ಉತ್ತರ: ಕುಮಟಾದಲ್ಲಿ ಬೇಡ, ಉಪ್ಪುಗಾಳಿಗೆ ಅಂಚಿನ ಉಕ್ಕಿನ ಪಟ್ಟಿ ಬೇಗ ತುಕ್ಕು ಹಿಡಿಯುತ್ತದೆ. ಶಿರಸಿಯ ಅಜ್ಜನ ಮನೆ ಮೇಲು, ಆದರೆ ಒಲೆಯ ಮೇಲಿನ ಅಟ್ಟದಲ್ಲಲ್ಲ. ಅಲ್ಲಿನ ಬಿಸಿಗೆ ಸ್ಕೀಯ ಪದರಗಳನ್ನು ಹಿಡಿದಿಟ್ಟ ಅಂಟು ಹಾಳಾಗುತ್ತದೆ. ಸ್ಕೀಗಳನ್ನು ಒರೆಸಿ, ಎರಡು ದಿನ ಒಣಗಿಸಿ, ಇರುವ ತುಕ್ಕನ್ನು ತೆಗೆದು, ತಳಕ್ಕೂ ಅಂಚಿಗೂ ಮೇಣವನ್ನು ದಪ್ಪವಾಗಿ ಹಚ್ಚಿ, ಕೆರೆಯದೆ ಹಾಗೆಯೇ ಬಿಡಿ. ಡಿಸೆಂಬರ್‌ನಲ್ಲಿ ಕೆರೆದರಾಯಿತು. ಬೂಟಿನ ಒಳಪದರವನ್ನು ಹೊರತೆಗೆದು ನೆರಳಿನಲ್ಲಿ ಒಣಗಿಸಿ, ಮತ್ತೆ ಒಳಗಿಟ್ಟು, ಕೊಂಡಿಗಳನ್ನು ಸಡಿಲವಾಗಿ ಹಾಕಿಡಿ, ಇಲ್ಲದಿದ್ದರೆ ಬೂಟಿನ ಆಕಾರ ಕೆಡುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಬೂಷ್ಟು ಬಂದಿದೆಯೇ ನೋಡಲು ಅಜ್ಜನಿಗೇ ಹೇಳಿ. ಬೂಟು ಕಚ್ಚಿಕೊಳ್ಳುವ ಬೈಂಡಿಂಗ್ ಅನ್ನು ಮಾತ್ರ ಗುಲ್ಮಾರ್ಗ್ ತಲುಪಿದ ದಿನ, ಮೊದಲ ಇಳಿತಕ್ಕೂ ಮುಂಚೆ, ತಿಳಿದವರಿಂದ ಪರೀಕ್ಷೆ ಮಾಡಿಸಿ.