ನಾಲ್ಕು ಪತ್ರ ಬಂದವು, ಹುಡುಗ ಕಾಣಲಿಲ್ಲ

ನಿಶ್ಚಯಕ್ಕೂ ಮದುವೆಗೂ ನಡುವೆ ಐದಾರು ತಿಂಗಳು ಬಿದ್ದರೆ ಜೋಡಿಗಳು ಜಗಳ ಹೊತ್ತುಕೊಂಡು ಸಲಹೆಗೆಂದು ನನ್ನ ಬಳಿ ಬರುವುದು ಸಾಮಾನ್ಯ. ಈಗೀಗ ಅಂಥವರಲ್ಲಿ ಹಳೇ ಕಾಲದವರಂತೆ ಪತ್ರ ಬರೆಯಬೇಕೆಂಬ ಆಸೆಯವರೂ ಸಿಗುತ್ತಿದ್ದಾರೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗಿ ಗಂಗಾವತಿ ಕಡೆಯವಳು, ಶಾಲೆಯಲ್ಲಿ ಟೀಚರ್. ಹುಡುಗನದು ತೋರಣಗಲ್ಲಿನಲ್ಲಿ ಪಾಳಿ ಕೆಲಸ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ ಮದುವೆ. ಅಜ್ಜಿಯ ಟ್ರಂಕಿನಲ್ಲಿ ಹಳೇ ಪತ್ರ ಕಂಡು ಅವಳೇ "ನೀವೂ ಬರೀರಿ" ಅಂದಳು. ಅವನು ಬರೆದ. ನಾಲ್ಕನೆಯದಕ್ಕೆ ಅವಳು ಉತ್ತರ ನಿಲ್ಲಿಸಿದಳು, ಎರಡೂ ಮನೆಯವರು ಗಾಬರಿಯಾದರು.

ಇಬ್ಬರೂ ಒಟ್ಟಿಗೆ ಕೂತ ದಿನ ಅವಳು ಪತ್ರಗಳನ್ನು ಮೇಜಿನ ಮೇಲೆ ಹರಡಿದಳು. ದುಂಡನೆ ಅಕ್ಷರ, ಚಂದ್ರ, ಮಲ್ಲಿಗೆ, ಪ್ರಾಸ. ಎಲ್ಲ ಮೊಬೈಲ್ ನೋಡಿ ಇಳಿಸಿಕೊಂಡ ಸಾಲುಗಳು.

"ಇದ್ರಾಗ ಇವ್ರು ಎಲ್ಲದಾರ್ರಿ ಮೇಡಂ? ನಮ್ಮ ಕಾಲುವಿಗೆ ನೀರು ಬಂತು, ನಿಮ್ಮ ಕಡಿ ಮಳಿ ಆತೇನು ಅಂತ ಕೇಳಿದ್ದೆ. ಅದಕ್ಕ ಉತ್ತರಾನ ಇಲ್ಲ."

ಹುಡುಗ ತಲೆ ಕೆರೆದುಕೊಂಡ. "ಲವ್ ಲೆಟರಿನ್ಯಾಗ ಮಳಿ-ಗಾಳಿ ಬರೀತಾರೇನ್ರಿ?"

ಮೂವರೂ ನಕ್ಕೆವು. ಅವನ ಪ್ರೀತಿಗೇನೂ ಕೊರತೆಯಿರಲಿಲ್ಲ. ತನ್ನ ಮಾತು ಕಾಗದಕ್ಕೆ ಸಾಲದೆಂಬ ಅಂಜಿಕೆ, ಅಷ್ಟೇ.

ನಾನು ಅವನಿಗೆ ಹೇಳಿದ್ದಿಷ್ಟು: ಬರೆಯುವಾಗ ಅವಳ ಪತ್ರ ಎದುರಿಗಿರಲಿ. ಕೇಳಿದ್ದಕ್ಕೆ ಮೊದಲು ಉತ್ತರ, ಆಮೇಲೆ ಆ ದಿನ ಕಂಡದ್ದೊಂದು, ಕೊನೆಗೆ ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆ. ಪತ್ರದ ತಲೆಯಲ್ಲಿ ತಾರೀಖಿನ ಜೊತೆ ಕ್ರಮಸಂಖ್ಯೆಯೂ ಬೇಕು. ಇವಳ ಉತ್ತರ ದಾರಿಯಲ್ಲಿರುವಾಗಲೇ ಅವನ ಇನ್ನೊಂದು ಪತ್ರ ಹೊರಟಿರುತ್ತದೆ. ಯಾವುದಕ್ಕೆ ಯಾವುದು ಉತ್ತರವೆಂದು ತಿಳಿಯದೆ ಮುನಿಸು ಹುಟ್ಟುತ್ತದೆ. ಸಿಟ್ಟಿನಲ್ಲಿ ಬರೆದದ್ದು ಮರುದಿನ ಇನ್ನೊಮ್ಮೆ ಓದುವ ತನಕ ಅಂಚೆ ಡಬ್ಬಿಗೆ ಬೀಳಬಾರದು. ಛತ್ರ, ಬಂಗಾರ, ಬಟ್ಟೆಯ ವಿಷಯಕ್ಕೆ ಫೋನೇ ಸರಿ.

2.50 ರೂಪಾಯಿಯ ಇನ್‌ಲ್ಯಾಂಡ್, ಅಂದರೆ ಮಡಚಿ ಅಂಟಿಸುವ ಅಂಚೆ ಕಾಗದ, ಸಾಕು; ಜಾಗ ಕಡಿಮೆಯಿದ್ದರೆ ಪ್ರಾಸವೂ ಕಡಿಮೆಯಾಗುತ್ತದೆ. ಅದರೊಳಗೆ ಹೂವಿನ ಎಸಳನ್ನೂ ಇಡುವಂತಿಲ್ಲ. ಫೋಟೋ ಕಳಿಸಬೇಕೆಂದರೆ ಲಕೋಟೆ: 20 ಗ್ರಾಂ ತನಕ 5 ರೂಪಾಯಿ. ಅಂಚೆಚೀಟಿ ಕಡಿಮೆ ಬಿದ್ದರೆ ಕೊರತೆಯ ಎರಡರಷ್ಟನ್ನು ಪಡೆಯುವವರೇ ಕಟ್ಟಬೇಕು, ಪ್ರೇಮಪತ್ರಕ್ಕೆ ಅದು ಶೋಭೆಯಲ್ಲ.

ಹುಡುಗಿಯ ಅಣ್ಣ ಒಂದು ಪತ್ರ ಒಡೆದು ಓದಿದ್ದ. ಅವನನ್ನೂ ಕರೆಸಿ, ತಂಗಿಯ ಹೆಸರಿಗೆ ಬಂದದ್ದನ್ನು ತಂಗಿಯೇ ಒಡೆಯಬೇಕೆಂದು ಖಡಾಖಂಡಿತ ಹೇಳಿದೆ. ಅವನಿಗೆ ಹಿಡಿಸಲಿಲ್ಲ. "ಫೋನ್ ಇರೋವಾಗ ಇದೆಂಥಾ ಆಟ" ಎಂದ. ನಾನು ಸಲಹೆ ಬದಲಿಸಲಿಲ್ಲ. ನಮ್ಮ ಕಡೆ ನಿಶ್ಚಯವಾದ ಹುಡುಗಿ ಫೋನ್ ಹಿಡಿದರೆ ಪಡಸಾಲೆಯಲ್ಲಿ ಕೂತವರೆಲ್ಲರ ಕಿವಿ ಅತ್ತಲೇ ಇರುತ್ತದೆ. ಮದುವೆಗೆ ಮುಂಚೆ ಇಬ್ಬರೇ ಮಾತಾಡುವ ಜಾಗ ಆ ಒಂದು ಹಾಳೆಯಲ್ಲಾದರೂ ಸಿಗಲಿ.

ಮುಂದಿನ ಪತ್ರದಲ್ಲಿ ಅವನು ಮಳೆಯ ಸುದ್ದಿ ಬರೆದು ಕೊನೆಗೆ ಕೇಳಿದ್ದ: "ರಾತ್ರಿ ಪಾಳಿ ಇದ್ದಾಗ ನಾ ಹಗಲೆಲ್ಲ ಮಲಗ್ತೀನಿ. ನಿನಗ ಬ್ಯಾಸರ ಆಗ್ತದೇನು?"

ಅವಳ ಉತ್ತರ: "ಮಲಗ್ರಿ. ಆದ್ರ ಕುಕ್ಕರ್ ಸೀಟಿ ಹೊಡದ್ರ ನನಗ ಬೈಯಬ್ಯಾಡ್ರಿ."