ರೂಟರ್‌ನಲ್ಲಿ ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಕರೆ ಹೋಗುತ್ತಿಲ್ಲ, ಎಲ್ಲಿಂದ ಹುಡುಕಬೇಕು?

ಹಳೆಯ ಸಿಸ್ಕೋ ರೂಟರ್‌ನ ಬಿಆರ್‌ಐ ಪೋರ್ಟ್‌ಗೆ (ಐಎಸ್‌ಡಿಎನ್ ಲೈನ್ ಸೇರುವ ಜಾಗ) ಲೈನ್ ಹಾಕಿದರೂ ಡಯಲ್ ಆಗುತ್ತಿಲ್ಲ ಎಂದಿದ್ದೀರಿ. ಮೊದಲು ಸ್ವಿಚ್ ಟೈಪ್ ನೋಡಿ, ಅಂದರೆ ಫೋನ್ ಎಕ್ಸ್‌ಚೇಂಜ್ ಯಾವ ಬಗೆಯದು ಎಂದು ರೂಟರ್‌ಗೆ ಹೇಳುವ ಸೆಟ್ಟಿಂಗ್. ಎಕ್ಸ್‌ಚೇಂಜ್ ಆಡುವ ಭಾಷೆಯನ್ನೇ ರೂಟರ್ ಕೂಡ ಆಡಬೇಕು, ಅಲ್ವಾ? ಯುರೋಪಿನ ಲೈನ್‌ಗೆ ‘ಬೇಸಿಕ್-ನೆಟ್3’. ಅಮೆರಿಕದಲ್ಲಿ ‘ಬೇಸಿಕ್-ಎನ್‌ಐ’ ಇದ್ದರೆ ಫೋನ್ ಕಂಪನಿ ಕೊಟ್ಟ ಸ್ಪಿಡ್ ಸಂಖ್ಯೆಯೂ (ನಿಮ್ಮ ಲೈನ್‌ನ ಗುರುತಿನ ಸಂಖ್ಯೆ) ಸಾಮಾನ್ಯವಾಗಿ ಬೇಕು.

ಆಮೇಲೆ ‘ಶೋ ಐಎಸ್‌ಡಿಎನ್ ಸ್ಟೇಟಸ್’ ಕಮಾಂಡ್ ಕೊಡಿ. ಲೇಯರ್ 1 (ತಂತಿಯ ಮಟ್ಟದ ಸಂಪರ್ಕ) ಆಕ್ಟಿವ್ ಇಲ್ಲದಿದ್ದರೆ ಕೇಬಲ್ ಅಥವಾ ಫೋನ್ ಲೈನ್ ಬಂದು ಸೇರುವ ಎನ್‌ಟಿ1 ಪೆಟ್ಟಿಗೆ ಪರೀಕ್ಷಿಸಿ. ಸುಮ್ನೆ ಕಾನ್ಫಿಗರೇಶನ್ ಕೆದಕಬೇಡಿ. ಲೇಯರ್ 2ರಲ್ಲಿ ‘ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಷ್ಡ್’ ಎಂದು ಬಂದರೆ ಎಕ್ಸ್‌ಚೇಂಜ್ ಜೊತೆ ಮಾತು ಶುರುವಾಗಿದೆ.

ಇಷ್ಟಾದರೂ ಕರೆ ಹೋಗದಿದ್ದರೆ ತಪ್ಪು ಹೆಚ್ಚಾಗಿ ಡಯಲರ್-ಲಿಸ್ಟ್‌ನಲ್ಲಿರುತ್ತದೆ. ಯಾವ ಪ್ಯಾಕೆಟ್ ಬಂದರೆ ಡಯಲ್ ಮಾಡಬೇಕು ಎಂದು ಹೇಳುವುದು ಅದೇ. ಎಲ್ಲ ಐಪಿ ಪ್ಯಾಕೆಟ್‌ಗೂ ಅನುಮತಿ ಕೊಟ್ಟರೆ ರೂಟಿಂಗ್ ಅಪ್‌ಡೇಟ್‌ಗಳೇ (ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಸಂದೇಶಗಳು) ಲೈನ್ ಹಿಡಿದು ಕೂರುತ್ತವೆ. ಐಡಲ್ ಟೈಮ್‌ಔಟ್, ಅಂದರೆ ಅಂಥ ಪ್ಯಾಕೆಟ್ ಬಾರದಿದ್ದರೆ ಲೈನ್ ಕಟ್ ಮಾಡುವ ಅವಧಿ, ಡಿಫಾಲ್ಟ್ 120 ಸೆಕೆಂಡ್. ಆರ್‌ಐಪಿ ಎಂಬ ರೂಟಿಂಗ್ ಪ್ರೋಟೋಕಾಲ್ 30 ಸೆಕೆಂಡಿಗೊಮ್ಮೆ ಕೂಗುತ್ತದೆ. ಲೈನ್ ಕಟ್ ಆಗುವುದೇ ಇಲ್ಲ, ಬಿಲ್ ಮಾತ್ರ ಜಾಸ್ತಿ!

ಲೈನ್‌ನಲ್ಲಿ ಡೇಟಾ ಸಾಗಿಸುವ ಎರಡು ಬಿ ಚಾನೆಲ್ ಸೇರಿಸಿ 128 ಕೆಬಿಪಿಎಸ್ ಬೇಕಿದ್ದರೆ ಪಿಪಿಪಿ ಮಲ್ಟಿಲಿಂಕ್ ಆನ್ ಮಾಡಿ. ಐಎಸ್‌ಡಿಎನ್ ಬದಲು ಅನಲಾಗ್ ಮೋಡೆಮ್ ಆದರೆ ರೂಟರ್‌ನ ಆಕ್ಸ್ (ಹೆಚ್ಚುವರಿ) ಪೋರ್ಟ್‌ಗೆ ಹಾಕಿ, ‘ಮೋಡೆಮ್ ಇನ್‌ಔಟ್’ ಮತ್ತು ‘ಫ್ಲೋಕಂಟ್ರೋಲ್ ಹಾರ್ಡ್‌ವೇರ್’ ಕಮಾಂಡ್ ಮರೆಯಬೇಡಿ.